ಹಿತ್ತಲ ಕೋಳಿ, ಹೆಂಗಸರ ಲೆಕ್ಕ



ಈ ಸಲದ ಇ-ಸ್ಮರಣ ಸಂಚಿಕೆಗೆ ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಮಹಿಳಾ ವೇದಿಕೆಯವರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ನಾಗಪುರದ ಭೋಸಲೆ ಅರಸರೋ, ಸೀತಾಬರ್ಡಿ ಕೋಟೆಯೋ ಇರಬೇಕು. ನಾನು ಆರಿಸಿಕೊಂಡದ್ದು ಹಿತ್ತಲ ಕೋಳಿಯ ಮೊಟ್ಟೆ. ನಮ್ಮ ಸಂಘದ ಹಲವು ಮನೆಗಳಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ ಎಂಬುದು ನನಗೆ ಗೊತ್ತು. ಅವರು ಗಾಬರಿಯಾಗಬೇಕಿಲ್ಲ, ಇದು ಅಡುಗೆಯ ಬರಹವಲ್ಲ. ಸಾವಿರಾರು ವರ್ಷ ಹೆಂಗಸರ ಕೈಯಲ್ಲೇ ಇದ್ದ ಒಂದು ಪುಟ್ಟ ಆದಾಯ ಹೇಗೆ ಕೈಜಾರಿತು, ಅದರಲ್ಲಿ ಎಷ್ಟು ವಾಪಸ್ ಬಂತು ಎಂಬ ಕಥೆ ಇದು. ಆದರೆ ಆ ಕಥೆ ಅರ್ಥವಾಗಬೇಕಾದರೆ ಮೊದಲು ಕೋಳಿಯ ಹೊಟ್ಟೆಯೊಳಗೆ ಹೋಗಿ ಬರಬೇಕು.

ನನ್ನ ಆಫೀಸಿನಲ್ಲಿ, ಎಂಜಿನಿಯರಿಂಗ್ ಓದಿದವರ ನಡುವೆಯೇ, ಊಟದ ಹೊತ್ತಿಗೆ ಆಗಾಗ ಏಳುವ ಒಂದು ಪ್ರಶ್ನೆ ಇದೆ. ಹುಂಜ ಇಲ್ಲದೆ ಕೋಳಿ ಮೊಟ್ಟೆ ಇಡುತ್ತದೆಯೇ? ಇಡುತ್ತದೆ. ಮರಿಯಾಗಬೇಕಾದರೆ ಮಾತ್ರ ಹುಂಜ ಬೇಕು. ಮೊಟ್ಟೆ ಎನ್ನುವುದು ಹೇಟೆಯ ದೇಹ ತನ್ನ ಪಾಡಿಗೆ ನಡೆಸುವ ಕೆಲಸ. ಹಳ್ಳಿಯ ಹೆಣ್ಣುಮಗಳಿಗೆ ಇದು ಹತ್ತು ವರ್ಷಕ್ಕೇ ಗೊತ್ತಿರುತ್ತದೆ, ಎಂಟೆಕ್ ಮಾಡಿದವರಿಗೆ ಗೂಗಲ್ ಹೇಳಬೇಕು.

ಹೇಟೆಮರಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸಾವಿರಾರು ಅಂಡಾಣುಗಳಿರುತ್ತವೆ. ಕೋಳಿಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ, ಬಲಗಡೆಯದು ಬೆಳೆಯದೆ ಉಳಿದುಬಿಡುತ್ತದೆ. ಹೇಟೆ ಪ್ರಾಯಕ್ಕೆ ಬಂದಾಗ ಈ ಅಂಡಾಣುಗಳಲ್ಲಿ ಕೆಲವು ಹಳದಿ ತುಂಬಿಕೊಂಡು ದಪ್ಪವಾಗತೊಡಗುತ್ತವೆ. ಒಂದು ದೊಡ್ಡದು, ಅದಕ್ಕಿಂತ ಚಿಕ್ಕದು, ಇನ್ನೂ ಚಿಕ್ಕದು, ಹೀಗೆ ದ್ರಾಕ್ಷಿ ಗೊಂಚಲಿನ ಹಾಗೆ ಸರದಿಯಲ್ಲಿ ಕಾಯುತ್ತಿರುತ್ತವೆ. ಕೊನೆಯ ಒಂದು ವಾರ, ಹತ್ತು ದಿನದಲ್ಲಿ ಹಳದಿ ಬೇಗ ಬೇಗ ತುಂಬುತ್ತದೆ. ಪೂರ್ತಿ ಬೆಳೆದದ್ದು ಕಳಚಿಕೊಂಡು ಅಂಡನಾಳದ ಬಾಯಿಗೆ ಬೀಳುತ್ತದೆ. ಅಲ್ಲಿ ಸುಮಾರು ಕಾಲು ಗಂಟೆ. ಹುಂಜದ ಸಹವಾಸ ಆಗಿದ್ದರೆ ಗರ್ಭ ಕಟ್ಟುವುದು ಆ ಕಾಲು ಗಂಟೆಯಲ್ಲೇ. ಮುಂದಿನ ಮೂರು ಗಂಟೆಯಲ್ಲಿ ಬಿಳಿಭಾಗ ಸುತ್ತಿಕೊಳ್ಳುತ್ತದೆ. ಆಮೇಲೆ ಒಂದೂಕಾಲು ಗಂಟೆಯಲ್ಲಿ ಚಿಪ್ಪಿನ ಒಳಗಿನ ತೆಳು ಪೊರೆಗಳು. ಉಳಿದ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ನಾವು ಪಟ್ ಎಂದು ಒಡೆದು ಕಸದ ಬುಟ್ಟಿಗೆ ಎಸೆಯುವ ಚಿಪ್ಪು ಇದೆಯಲ್ಲ, ಅದೇ ಇಡೀ ಮೊಟ್ಟೆಯಲ್ಲಿ ಅತಿ ದೊಡ್ಡ ಕೆಲಸ.

ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಗಟ್ಟಿಯಾಗುವುದು ಹೆಚ್ಚಾಗಿ ರಾತ್ರಿ, ಕೋಳಿ ಗೂಡಿನಲ್ಲಿ ಮಲಗಿರುವಾಗ. ಹೊಟ್ಟೆಯಲ್ಲಿ ಮೇವು ಮುಗಿದಿದ್ದರೆ ಕ್ಯಾಲ್ಸಿಯಂ ಅದರ ಎಲುಬಿನಿಂದಲೇ ಬರಬೇಕು. ಇದಕ್ಕೆಂದೇ ಹೇಟೆಯ ಕಾಲಿನ ಉದ್ದ ಎಲುಬುಗಳ ಒಳಗೆ, ಮೊಟ್ಟೆಯಿಡುವ ಕಾಲದಲ್ಲಿ ಮಾತ್ರ, ಬೇರೆ ಒಂದು ಬಗೆಯ ಮೂಳೆ ಬೆಳೆಯುತ್ತದೆ. ಅದೊಂದು ಉಳಿತಾಯ ಖಾತೆ. ಹಗಲು ಜಮಾ, ರಾತ್ರಿ ಖರ್ಚು. ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಅಜ್ಜಿ ಒಡೆದ ಮೊಟ್ಟೆಚಿಪ್ಪನ್ನು ಪುಡಿಮಾಡಿ ಕೋಳಿಗೇ ಹಾಕುತ್ತಿದ್ದರು. ಕಾರಣ ಕೇಳಿದರೆ, "ಅದುರ್ದು ಅದುಕ್ಕೇ" ಎನ್ನುತ್ತಿದ್ದರು. ಆ ಖಾತೆಯ ವಿಷಯ ಅಷ್ಟೇ ಮಾತಿನಲ್ಲಿ ಮುಗಿಯುತ್ತಿತ್ತು.

ಒಟ್ಟು ಲೆಕ್ಕ ಹಾಕಿ ನೋಡಿ. ಒಂದು ಮೊಟ್ಟೆಗೆ 24ರಿಂದ 26 ಗಂಟೆ. ದಿನಕ್ಕಿರುವುದು 24 ಗಂಟೆ. ಹಾಗಾಗಿ ಇಂದು ಬೆಳಿಗ್ಗೆ ಎಂಟಕ್ಕೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ, ನಾಡಿದ್ದು ಇನ್ನೂ ತಡವಾಗಿ ಇಡುತ್ತದೆ. ಹೀಗೆ ಜಾರುತ್ತಾ ಜಾರುತ್ತಾ ಮಧ್ಯಾಹ್ನ ದಾಟಿದ ಮೇಲೆ ಒಂದು ದಿನ ರಜಾ ಹಾಕಿ, ಮರುದಿನ ಮತ್ತೆ ಬೆಳಿಗ್ಗೆಯಿಂದ ಶುರು. ನಮ್ಮ ಸರ್ವರ್‌ಗಳಲ್ಲಿ ರಾತ್ರಿ ಓಡುವ ಕೆಲಸಗಳು ಹೀಗೆ ದಿನಕ್ಕೊಂದು ಗಂಟೆ ಜಾರಿದರೆ ನಮಗೆ ಫೋನ್ ಬರುತ್ತದೆ. ಕೋಳಿಗೆ ಯಾರೂ ಫೋನ್ ಮಾಡುವುದಿಲ್ಲ.

ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಕೋಳಿ ಬೆಳಕನ್ನು ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯನ್ನು ಹಾಯ್ದು ಮಿದುಳಿನೊಳಗಿನ ಕೋಶಗಳಿಂದಲೂ ಗ್ರಹಿಸುತ್ತದೆ. ಹಗಲು ಉದ್ದವಾದಂತೆ ಮೊಟ್ಟೆಯ ಹಾರ್ಮೋನುಗಳು ಏರುತ್ತವೆ. ಚೆನ್ನಾಗಿ ಇಡಬೇಕಾದರೆ 14ರಿಂದ 16 ಗಂಟೆ ಬೆಳಕು ಬೇಕು ಎನ್ನುತ್ತಾರೆ. ನಮ್ಮ ನಾಗಪುರದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಸುಮಾರು 13 ಗಂಟೆ 20 ನಿಮಿಷ, ಡಿಸೆಂಬರಿನಲ್ಲಿ 11 ಗಂಟೆಗೂ ಸ್ವಲ್ಪ ಕಡಿಮೆ. ಫಾರಂಗಳಲ್ಲಿ ರಾತ್ರಿ ಬಲ್ಬು ಉರಿಸುವುದು ಇದಕ್ಕಾಗಿ. ಹಿತ್ತಲ ಕೋಳಿಗೆ ಸೂರ್ಯ ಕೊಟ್ಟಷ್ಟೇ. ಜೊತೆಗೆ ನಮ್ಮೂರಿನ ಮೇ ತಿಂಗಳು ಬೇರೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. 45 ಡಿಗ್ರಿಯಲ್ಲಿ ಹಾಗೆ ಏದುವಾಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಉಸಿರಿನ ಜೊತೆ ಹೊರಟುಹೋಗುತ್ತದೆ. ಚಿಪ್ಪಿನ ಸುಣ್ಣಕ್ಕೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿಗೆ, ಅದೂ ಬೇಕಲ್ಲ! ಹಾಗಾಗಿ ಬೇಸಿಗೆಯ ಮೊಟ್ಟೆ ಕಡಿಮೆ, ಇದ್ದರೂ ಚಿಪ್ಪು ತೆಳು.

ಈಗ ಚರಿತ್ರೆಗೆ ಬರೋಣ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆಗ್ನೇಯ ಏಷ್ಯಾದ ಕಡೆ ಅದು ಮನುಷ್ಯರ ಹತ್ತಿರ ಬಂತು ಎಂದು ಈಚಿನ ವಂಶವಾಹಿ ಅಧ್ಯಯನಗಳು ಹೇಳುತ್ತವೆ. ಸಾಕುಕೋಳಿಯವೇ ಎಂದು ಗುರುತಿಸಿದ ಅತಿ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವು. ಭತ್ತ, ಸಿರಿಧಾನ್ಯ ಒಣಹಾಕಿದ ಕಡೆ ಕಾಳು ಹೆಕ್ಕಲು ಬಂದ ಹಕ್ಕಿ ಅಲ್ಲೇ ಉಳಿಯಿತು ಎಂಬುದು ಆ ಸಂಶೋಧಕರ ಊಹೆ. ಧಾನ್ಯ ಒಣಹಾಕುತ್ತಿದ್ದವರು ಯಾರು ಎಂದು ಅವರು ಬರೆದಿಲ್ಲ. ನಮ್ಮ ಊರುಗಳ ಕಣ, ಅಂಗಳ ನೋಡಿದವರು ಊಹಿಸಬಹುದು.

ಇದರಲ್ಲಿ ನಮ್ಮ ಕಡೆಯ ಪಾಲೂ ಒಂದಿದೆ. ಸಾಕುಕೋಳಿಗಳ ಕಾಲು, ಚರ್ಮ ಹಳದಿಯಾಗಿರುತ್ತದಲ್ಲ, ಆ ಗುಣ ಕೆಂಪು ಕಾಡುಕೋಳಿಯದಲ್ಲ. ಅದು ಪಶ್ಚಿಮ ಘಟ್ಟ ಮತ್ತು ದಕ್ಷಿಣದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋರಿಸಿತು. ಈ ಎರಡೂ ಕಾಡುಕೋಳಿಗಳ ಸೀಮೆಗಳು ಸಂಧಿಸುವುದು ನಮ್ಮ ಈ ಮಧ್ಯಭಾರತದ ಕಾಡುಗಳಲ್ಲೇ.

ಆದರೆ ಬರೆದಿಟ್ಟ ಚರಿತ್ರೆಯಲ್ಲಿ ಹುಡುಕಿದರೆ ಸಿಗುವುದು ಹುಂಜ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಕೋಳಿ ಅಂಕಕ್ಕೆ ಜಾಗವಿದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ ಬಲಿಕೊಡುವ ಹಿಟ್ಟಿನ ಕೋಳಿ, ಅದೂ ಹುಂಜವೇ. ಜನಪದ ಕಥೆಯಲ್ಲಿ ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ನಂಬಿದ ಅಜ್ಜಿ ಬರುತ್ತಾಳೆ, ಅಲ್ಲಿಯೂ ಕೆಲಸ ಕೂಗುವ ಹುಂಜದ್ದೇ. ಕಾಳಗಕ್ಕೆ, ಬಲಿಗೆ, ಬೆಳಗಿಗೆ ಹುಂಜ. ಮೊಟ್ಟೆಯಿಟ್ಟು ಮರಿ ಮಾಡಿದ ಹೇಟೆಯ ಲೆಕ್ಕ ಯಾವ ಶಾಸನದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಇದ್ದದ್ದು ಹೆಂಗಸರ ಬಾಯಲ್ಲಿ, ಎಲೆಯಡಿಕೆ ಚೀಲದಲ್ಲಿ.

ಆ ಲೆಕ್ಕ ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ನಾಟಿ ಹೇಟೆ ವರ್ಷಕ್ಕೆ 50ರಿಂದ 60 ಮೊಟ್ಟೆ ಇಡುತ್ತದೆ. ಫಾರಂನ ಬಿಳಿ ಲೆಗ್‌ಹಾರ್ನ್ ಸಂತತಿಯ ಕೋಳಿ 300 ದಾಟುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ನಾಟಿ ಕೋಳಿ ದಂಡ" ಎಂದು ನೂರು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಆದರೆ ನಾಟಿ ಹೇಟೆ ವರ್ಷವಿಡೀ ಏನು ಮಾಡುತ್ತದೆ ನೋಡಿ. ಹನ್ನೆರಡು ಹದಿನೈದು ಮೊಟ್ಟೆ ಇಡುತ್ತದೆ. ಆಮೇಲೆ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಕೋಳಿ ಕಾವಿಗೆ ಕೂರುತ್ತದೆ. 21 ದಿನ ಕಾವು. ಆಮೇಲೆ ಎರಡು ತಿಂಗಳು ಮರಿಗಳನ್ನು ಕಟ್ಟಿಕೊಂಡು ತಿಪ್ಪೆ ಕೆದಕುವುದು. ಅದಾದ ಮೇಲೆ ಮತ್ತೆ ಮೊಟ್ಟೆ. ಇಂಥ ಸುತ್ತು ವರ್ಷಕ್ಕೆ ಮೂರೋ ನಾಲ್ಕೋ ಆಗುತ್ತದೆ. ಅಂದಮೇಲೆ ಅದು ಸೋಮಾರಿಯಲ್ಲ. ಮೊಟ್ಟೆ ಕಾರ್ಖಾನೆ, ಇನ್‌ಕ್ಯುಬೇಟರ್, ಶಿಶುವಿಹಾರ ಮೂರನ್ನೂ ಒಬ್ಬಳೇ ನಡೆಸುತ್ತಾಳೆ. ಕಾರ್ಖಾನೆಯ ಉತ್ಪಾದನೆಯನ್ನಷ್ಟೇ ಅಳೆದರೆ ಕಡಿಮೆ ಕಾಣುವುದು ಸಹಜ. ಮನೆ, ಮಗು, ಆಫೀಸು ನಡೆಸುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಜ್ಜಿಯ ಕೈಯಲ್ಲಿ ಎರಡು ದಾರಿ ಇರುತ್ತಿದ್ದವು. ಮೊಟ್ಟೆ ಬೇಕಾದರೆ ಕಾವು ಬಿಡಿಸುವುದು, ಮರಿ ಬೇಕಾದರೆ ಕೂರಿಸುವುದು. ಕಾವು ಬಿಡಿಸಲು ಕೋಳಿಯನ್ನು ತಣ್ಣೀರಿನಲ್ಲಿ ಅದ್ದುತ್ತಿದ್ದರು. ಮೂಗಿಗೆ ಗರಿ ಸಿಕ್ಕಿಸುವುದೂ ಇತ್ತು, ಅದು ನನಗೆ ಈಗಲೂ ಇಷ್ಟವಾಗದ ಪದ್ಧತಿ. ಕೂರಿಸುವಾಗ ಬುಟ್ಟಿಗೆ ಹುಲ್ಲು ಹಾಸಿ, ಹನ್ನೊಂದೋ ಹದಿಮೂರೋ, ಬೆಸ ಸಂಖ್ಯೆಯಲ್ಲೇ ಮೊಟ್ಟೆ ಇಡುತ್ತಿದ್ದರು. ರಾಗಿ ಮಡಕೆಯಲ್ಲಿ ಹುಗಿದಿಟ್ಟ ಮೊಟ್ಟೆಗಳನ್ನು ನೀರಿಗೆ ಹಾಕಿ ತೇಲಿದ್ದನ್ನು ಬೇರೆ ಮಾಡುವುದು, ದೀಪಕ್ಕೆ ಹಿಡಿದು ಒಳಗೆ ನೋಡುವುದು, ಎಲ್ಲ ಅವರದೇ. ಕೋಳಿ ಇಲ್ಲದವಳಿಗೆ ಒಂದು ಹೇಟೆಯನ್ನು ವಾರಕ್ಕೆ ಕೊಡುತ್ತಿದ್ದರು. ವಾರ ಅಂದರೆ ಪಾಲು. ಸಾಕಿದವಳಿಗೆ ಅರ್ಧ ಮರಿ, ಕೊಟ್ಟವಳಿಗೆ ಅರ್ಧ. ಈ ವ್ಯವಹಾರದಲ್ಲಿ ಕಾಗದ ಇಲ್ಲ, ಬಡ್ಡಿ ಇಲ್ಲ, ಗಂಡಸರ ಸಹಿ ಇಲ್ಲ. ಹಸು ಮಾರಬೇಕಾದರೆ ತಾತನನ್ನು ಕೇಳಬೇಕಿತ್ತು. ಕೋಳಿ, ಮೊಟ್ಟೆ ಮಾರಿದ ದುಡ್ಡನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮಮ್ಮನ ಹೈಸ್ಕೂಲಿನ ಫೀಸು, ಜಾಮಿಟ್ರಿ ಬಾಕ್ಸು ಬಂದದ್ದು ಆ ದುಡ್ಡಿನಲ್ಲಿ.

ಇದನ್ನು ನಮ್ಮ ದೇಶದ್ದೇ ಎಂದುಕೊಳ್ಳಬೇಡಿ. ಅಮೆರಿಕದ ರೈತ ಮನೆಗಳಲ್ಲೂ ಮೊಟ್ಟೆ ದುಡ್ಡು ಹೆಂಗಸರದಾಗಿತ್ತು. ಬದಲಾದದ್ದು ಎಣಿಕೆ ಶುರುವಾದಾಗ. 1898ರಲ್ಲಿ ಮೇಯ್ನ್ ರಾಜ್ಯದ ಸಂಶೋಧನಾ ಕೇಂದ್ರದಲ್ಲಿ, ಕೋಳಿ ಒಳಹೊಕ್ಕರೆ ತಾನಾಗಿ ಬಾಗಿಲು ಮುಚ್ಚಿಕೊಳ್ಳುವ ಗೂಡುಗಳನ್ನು ಇಟ್ಟು ಯಾವ ಕೋಳಿ ಎಷ್ಟು ಮೊಟ್ಟೆ ಇಡುತ್ತದೆ ಎಂದು ಒಂದೊಂದನ್ನೂ ಎಣಿಸಲು ತೊಡಗಿದರು. ಹೆಚ್ಚು ಇಟ್ಟದ್ದರ ಸಂತತಿ ಬೆಳೆಸುತ್ತಾ ಹೋದರು. ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದೆ, ಆದ್ದರಿಂದ ಕೂರುವ ಕೋಳಿ ಲೆಕ್ಕದಲ್ಲಿ ಸೋಲುತ್ತದೆ. ಲೆಗ್‌ಹಾರ್ನ್‌ನಂಥ ತಳಿಗಳಲ್ಲಿ ಕಾವಿನ ಗುಣವೇ ಹೆಚ್ಚುಕಡಿಮೆ ಅಳಿಸಿಹೋಯಿತು. 1920ರ ದಶಕದಲ್ಲಿ ವಿಟಮಿನ್ ಡಿ ಗೊತ್ತಾಯಿತು. ಅಲ್ಲಿಯವರೆಗೆ ಬಿಸಿಲಿಲ್ಲದೆ ಕೋಳಿ ಬದುಕುತ್ತಿರಲಿಲ್ಲ, ಕಾಲು ಸೊಟ್ಟಗಾಗುತ್ತಿತ್ತು. ಮೀನೆಣ್ಣೆ ಕೊಟ್ಟರೆ ವರ್ಷವಿಡೀ ಒಳಗೇ ಸಾಕಬಹುದು ಎಂದಾದ ಮೇಲೆ ಹಿತ್ತಲು ಬೇಡವಾಯಿತು. 1923ರಲ್ಲಿ ಡೆಲವೇರ್ ರಾಜ್ಯದ ಸಿಸಿಲ್ ಸ್ಟೀಲ್ ಎಂಬಾಕೆ ಮೊಟ್ಟೆಗಾಗಿ 50 ಮರಿ ಕೇಳಿದ್ದಕ್ಕೆ ಪಟ್ಟಿ ತಪ್ಪಿ 500 ಬಂದವು. ಆಕೆ ಹಿಂದಿರುಗಿಸದೆ ಸಾಕಿ ಮಾಂಸಕ್ಕೆ ಮಾರಿದರು, ಲಾಭ ಬಂತು. ಅಮೆರಿಕದ ಬ್ರಾಯ್ಲರ್ ಉದ್ಯಮ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಹೆಣ್ಣೊಬ್ಬಳ ಮೊಟ್ಟೆ ದುಡ್ಡಿನಿಂದ ಹುಟ್ಟಿದ ಉದ್ಯಮ ಕೆಲವೇ ದಶಕಗಳಲ್ಲಿ ಹೆಂಗಸರ ಕೈಬಿಟ್ಟು ಕಂಪನಿಗಳ ಕೈಸೇರಿದ್ದು ಕೋಳಿಯ ಚರಿತ್ರೆಯ ದೊಡ್ಡ ವ್ಯಂಗ್ಯ.

ನಮ್ಮಲ್ಲಿ ಈ ಬದಲಾವಣೆ ತಡವಾಗಿ ಬಂದರೂ ಬಿರುಸಾಗಿ ಬಂತು. ಅದರ ಮುಖ್ಯ ಅಧ್ಯಾಯ ನಾವಿರುವ ಮಹಾರಾಷ್ಟ್ರದ್ದೇ. 1971ರಲ್ಲಿ ಡಾ. ಬಿ. ವಿ. ರಾವ್ ಪುಣೆಯಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುಮಾಡಿದರು. ದಲ್ಲಾಳಿಗಳು ಹೇಳಿದ ಬೆಲೆಗೆ ಮೊಟ್ಟೆ ಮಾರಿ ರೈತರು ಸೋಲುತ್ತಿದ್ದಾಗ 1982ರಲ್ಲಿ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಭಾನುವಾರವೋ ಸೋಮವಾರವೋ ದಿನಾ ಮೊಟ್ಟೆ ತಿನ್ನಿ ಎಂಬ ದೂರದರ್ಶನದ ಜಾಹೀರಾತು ನಮ್ಮ ಅಮ್ಮಂದಿರಿಗೆ ನೆನಪಿರುತ್ತದೆ, ಅದು ಈ ಸಮಿತಿಯದೇ. ದೇಶದಲ್ಲಿ 1950-51ರಲ್ಲಿ 183 ಕೋಟಿ ಇದ್ದ ವಾರ್ಷಿಕ ಮೊಟ್ಟೆ ಉತ್ಪಾದನೆ 2022-23ಕ್ಕೆ 13,838 ಕೋಟಿಗೆ ಏರಿದೆ. ತಲೆಗೆ ವರ್ಷಕ್ಕೆ 5 ಮೊಟ್ಟೆ ಇದ್ದದ್ದು 101 ಆಗಿದೆ. ಇದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಬಡವರ ಮಕ್ಕಳಿಗೆ ಇಷ್ಟು ಅಗ್ಗಕ್ಕೆ ಇಂಥ ಆಹಾರ ಬೇರೆ ಯಾವುದೂ ಸಿಗುವುದಿಲ್ಲ. ಆದರೆ ಆ 13,838 ಕೋಟಿಯಲ್ಲಿ ಹಿತ್ತಲ ಕೋಳಿಯ ಪಾಲು ಶೇಕಡಾ 15ಕ್ಕೂ ಕಡಿಮೆ. ಮೊಟ್ಟೆ ಬೆಳೆಯಿತು, ಅಜ್ಜಿಯ ಚೀಲ ಬೆಳೆಯಲಿಲ್ಲ.

ಇಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ, ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಅಲ್ಲಿನ ಕೋಳಿ ವಿಜ್ಞಾನ ವಿಭಾಗದವರು 1989ರಲ್ಲಿ ಗಿರಿರಾಜ ಎಂಬ ಮಿಶ್ರತಳಿಯನ್ನು ಹೊರತಂದರು. ಪಂಜರ ಬೇಡ, ಚೀಲದ ಮೇವೇ ಬೇಕೆಂಬ ಹಟವಿಲ್ಲ, ಹಿತ್ತಲಲ್ಲಿ ಕೆದಕಿಕೊಂಡು ನಾಟಿ ಕೋಳಿಯ ಹಾಗೆ ಬಣ್ಣಬಣ್ಣವಾಗಿ ಓಡಾಡುತ್ತದೆ, ವರ್ಷಕ್ಕೆ 130ರಿಂದ 150 ಮೊಟ್ಟೆ. ಆದರೆ ಮೈ ಭಾರ, ನಾಯಿ ಬೆಕ್ಕು ಬಂದರೆ ಚುರುಕಾಗಿ ಹಾರಲಾರದು. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ತಪ್ಪಿಸಿಕೊಳ್ಳುವುದರಲ್ಲಿ ಜಾಣೆ, ಮೊಟ್ಟೆಯೂ ಹೆಚ್ಚು. ಹೈದರಾಬಾದಿನ ಕೇಂದ್ರ ಸಂಸ್ಥೆಯಿಂದ ವನರಾಜ, ಗ್ರಾಮಪ್ರಿಯ ಬಂದವು. ಹೆಸರುಗಳಲ್ಲಿ ಮತ್ತೆ ರಾಜರೇ ಹೆಚ್ಚು, ಗಮನಿಸಿದಿರಾ? ಆಮೇಲೆ ಗಿರಿರಾಣಿ ಎಂಬುದೂ ಬಂತು ಎನ್ನುವುದಷ್ಟೇ ಸಮಾಧಾನ.

ಈ ಕೋಳಿಗಳು ಹೆಂಗಸರ ಆದಾಯವನ್ನು ಹಿತ್ತಲಿಗೆ ಮರಳಿ ತಂದವು. 2019ರ ಜಾನುವಾರು ಗಣತಿಯಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಹತ್ತಿರ ಹತ್ತಿರ ಶೇಕಡಾ 46 ಹೆಚ್ಚು. ಆದರೆ ಒಂದು ಕೊಂಡಿ ಮಾತ್ರ ಕಳಚಿಯೇ ಉಳಿಯಿತು. ಗಿರಿರಾಜ, ವನರಾಜಗಳು ಕಾವಿಗೆ ಕೂರುವುದಿಲ್ಲ. ಮೊಟ್ಟೆ ಮೂರುಪಟ್ಟು ಬಂದದ್ದೇ ಹಾಗೆ. ಅವುಗಳ ಮೊಟ್ಟೆಯನ್ನು ಬೇರೆ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿದರೂ, ಮಿಶ್ರತಳಿಯಾದ್ದರಿಂದ ಮರಿಗಳಲ್ಲಿ ತಾಯಿಯ ಗುಣ ಹಾಗೇ ಇಳಿಯುವುದಿಲ್ಲ. ಪ್ರತಿ ಸಲ ಮರಿಗಾಗಿ ಹ್ಯಾಚರಿಗೆ ಹೋಗಬೇಕು, ದುಡ್ಡು ಕೊಡಬೇಕು. ಬಿತ್ತನೆ ಬೀಜ ರೈತರ ಮನೆಯಿಂದ ಅಂಗಡಿಗೆ ಹೋದ ಕಥೆಯೇ ಇಲ್ಲೂ ನಡೆದಿದೆ. ಅಜ್ಜಿ ಕೋಳಿಯನ್ನು ವಾರಕ್ಕೆ ಕೊಡಲು ಸಾಧ್ಯವಾಗಿದ್ದು ಅದು ತಾನೇ ಮರಿ ಮಾಡುತ್ತಿದ್ದುದರಿಂದ. ಕೂರದ ಕೋಳಿಯನ್ನು ಪಾಲಿಗೆ ಕೊಡುವುದು ಹೇಗೆ?

ರೋಗದ ಮಾತೂ ಹೇಳಬೇಕು, ಬೇಗ ಹೇಳಿ ಮುಗಿಸುತ್ತೇನೆ. ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದ ಭಯ ಕೊಕ್ಕರೆ ರೋಗದ್ದು, ಅದಕ್ಕೆ ಲಸಿಕೆ ಇದೆ. ಹಕ್ಕಿಜ್ವರ ಹಾಗಲ್ಲ. ಭಾರತದಲ್ಲಿ ಅದು ಮೊದಲು ಖಚಿತವಾದದ್ದು 2006ರ ಫೆಬ್ರವರಿಯಲ್ಲಿ, ನಮ್ಮದೇ ರಾಜ್ಯದ ಗುಜರಾತ್ ಗಡಿಯ ನವಾಪುರದಲ್ಲಿ. ರೋಗ ಕಾಣಿಸಿದ್ದು ದೊಡ್ಡ ಫಾರಂಗಳಲ್ಲಿ, ಕೊಲ್ಲಬೇಕಾಗಿ ಬಂದದ್ದು ಸುತ್ತಲಿನ ಹಳ್ಳಿಗಳ ಹಿತ್ತಲ ಕೋಳಿಗಳನ್ನೂ. ಬೇರೆ ದಾರಿ ಇರಲಿಲ್ಲ ಎಂದು ವೈದ್ಯರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಫಾರಂ ಮತ್ತೆ ಮರಿ ತರಿಸುತ್ತದೆ. ಹಿತ್ತಲಲ್ಲಿ ತಲೆಮಾರುಗಳಿಂದ ಬಂದ ಕಾವು ಕೂರುವ ಸಂತತಿ ಹೋದರೆ ಅದೇ ಸಂತತಿ ಮತ್ತೆ ಸಿಗುವುದಿಲ್ಲ. 2024ರ ಕೊನೆಯಲ್ಲಿ ನಮ್ಮ ಗೋರೆವಾಡಾದಲ್ಲಿ ಮೂರು ಹುಲಿ, ಒಂದು ಚಿರತೆ ಹಕ್ಕಿಜ್ವರದಿಂದ ಸತ್ತದ್ದು ನಿಮಗೆ ನೆನಪಿರಬಹುದು. ಆ ವಾರಗಳಲ್ಲಿ ಪೇಟೆಯಲ್ಲಿ ಎಲ್ಲರೂ ಹುಲಿಯ ಮಾತಾಡುತ್ತಿದ್ದರು. ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿ ಮಾತ್ರ ತನ್ನ ಕೋಳಿಗಳನ್ನು ಹೊರಗೆ ಬಿಡದೆ ಮಂಚದ ಕೆಳಗೆ ಕಟ್ಟಿಹಾಕಿಕೊಂಡಿದ್ದರು.

ಈ ಮಾವಶಿ ಭಂಡಾರಾ ಕಡೆಯವರು. ಬಸ್ತಿಯಲ್ಲಿ ಅವರ ಹಿತ್ತಲು ನಮ್ಮ ಬಾಲ್ಕನಿಯಷ್ಟೇ ಇದೆ. ಅವರ ಮೊಟ್ಟೆಗೆ ಇಲ್ಲಿ ಗಾವರಾನಿ ಎನ್ನುತ್ತಾರೆ, ಅಂಗಡಿಯ ಬಿಳಿ ಮೊಟ್ಟೆಯ ಎರಡರಷ್ಟು ಬೆಲೆಗೆ ಹೋಗುತ್ತದೆ. (ಚಿಪ್ಪು ಕಂದು ಬಣ್ಣವಾದ ಮಾತ್ರಕ್ಕೆ ಗಾವರಾನಿ ಎಂದುಕೊಂಡು ಸೂಪರ್ ಮಾರ್ಕೆಟ್ಟಿನಲ್ಲಿ ದುಪ್ಪಟ್ಟು ಕೊಡಬೇಡಿ. ಕಂದು ಮೊಟ್ಟೆ ಇಡುವ ಫಾರಂ ಕೋಳಿಗಳೂ ಇವೆ. ಬಣ್ಣ ಬರುವುದು ತಳಿಯಿಂದ, ಚಿಪ್ಪು ಕಟ್ಟುವ ಕೊನೆಯ ಕೆಲವು ಗಂಟೆಗಳಲ್ಲಿ.) ಹೋದ ಮಳೆಗಾಲದಲ್ಲಿ ಅವರ ಹತ್ತಿರ ಏಳು ಹೇಟೆಗಳಿದ್ದವು. ಐದು ಸರ್ಕಾರಿ ಯೋಜನೆಯಲ್ಲಿ ಬಂದ ಮಿಶ್ರತಳಿ, ಎರಡು ಗಾವರಾನಿ. ಐದನ್ನೂ ಮೊಟ್ಟೆಗೆ ಇಟ್ಟುಕೊಂಡಿದ್ದರು. ಎರಡು ಗಾವರಾನಿಗಳನ್ನು ಮಾತ್ರ ಯಾರು ಎಷ್ಟು ಕೇಳಿದರೂ ಮಾರಲಿಲ್ಲ. ಮೊಟ್ಟೆ ಕಡಿಮೆ ಅಲ್ಲವೇ ಮಾವಶಿ, ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. "ಅವು ಕೂತ್ಕೊಳ್ತಾವೆ ತಾಯೀ" ಎಂದರು ಮರಾಠಿಯಲ್ಲಿ. ದೀಪಾವಳಿಯ ಹೊತ್ತಿಗೆ ಅದರಲ್ಲೊಂದು ಒಂಬತ್ತು ಮರಿ ಮಾಡಿತ್ತು. ನಾಲ್ಕನ್ನು ಮದುವೆಯಾದ ಮಗಳ ಊರಿಗೆ ಬುಟ್ಟಿಯಲ್ಲಿ ಕಳಿಸಿದರು, ಅರ್ಧ ಮರಿ ವಾಪಸ್ ಕೊಡುವ ಕರಾರಿನ ಮೇಲೆ.